ಕಲ್ಯಾಣದ ಕಡತ ತಿದ್ದುವವರು ಬೇಕು

1066ರ ಸೆಪ್ಟೆಂಬರ್ 15. ನಾರ್ಮಂಡಿಯ ವಿಲಿಯಂ ಇಂಗ್ಲೆಂಡಿನ ಗದ್ದುಗೆಗಾಗಿ ಹಡಗುಗಳನ್ನು ಸಜ್ಜು ಮಾಡಿಕೊಂಡು ಅನುಕೂಲದ ಗಾಳಿಗೆ ಕಾಯುತ್ತಿದ್ದಾನೆ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯ ‘ಕ್ರುಸೇಡರ್ ಕಿಂಗ್ಸ್’ ಕಂಪ್ಯೂಟರ್ ಆಟ ಶುರುವಾಗುವುದು ಇಂಥ ದಿನದಲ್ಲಿ. ಬಹುಪಾಲು ಆಟಗಾರರು ಅಲ್ಲೇ ಯುರೋಪಿನಲ್ಲಿ ಉಳಿದುಬಿಡುತ್ತಾರೆ. ಮೌಸ್ ಹಿಡಿದು ನಕ್ಷೆಯನ್ನು ದಕ್ಷಿಣಕ್ಕೂ ಪೂರ್ವಕ್ಕೂ ಎಳೆದುಕೊಂಡು ಬಂದವರಿಗೆ ಕಾಣುವುದು ಇನ್ನೊಂದು ಮನೆತನದ ಜಗಳ. ಕಲ್ಯಾಣದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರ, ಆಹವಮಲ್ಲ ಎಂಬ ಬಿರುದಿನವನು, ಸಿಂಹಾಸನದ ಮೇಲಿದ್ದಾನೆ. ಅವನಿಗೆ ಉಳಿದಿರುವುದು ಒಂದೂವರೆ ವರ್ಷ. 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಜಲಸಮಾಧಿಯಾಗುತ್ತಾನೆ. ಹಿರಿಮಗ ಇಮ್ಮಡಿ ಸೋಮೇಶ್ವರನಿಗೆ ಪಟ್ಟ ಸಿಗುತ್ತದೆ. ಎರಡನೆಯವನಾದ ವಿಕ್ರಮಾದಿತ್ಯ ಚೋಳ ವೀರರಾಜೇಂದ್ರನ ಮಗಳನ್ನು ಮದುವೆಯಾಗಿ, 1076ರಲ್ಲಿ ಅಣ್ಣನನ್ನು ಇಳಿಸಿ, ತನ್ನದೇ ಹೆಸರಿನಲ್ಲಿ ಹೊಸ ಶಕೆ ಆರಂಭಿಸಿ, ಐವತ್ತು ವರ್ಷ ಆಳುತ್ತಾನೆ. ಅರಮನೆಯ ಒಳಜಗಳ, ಮದುವೆಯ ಲೆಕ್ಕಾಚಾರ, ದಾಯಾದಿ ದ್ವೇಷ, ಪಟ್ಟದ ಹಕ್ಕು, ಸಾಮಂತರ ಮುನಿಸು: ಆಟ ನಿಂತಿರುವುದೇ ಇವುಗಳ ಮೇಲೆ. ಇದಕ್ಕೆ ಕಲ್ಯಾಣಕ್ಕಿಂತ ಒಳ್ಳೆಯ ರಂಗಸ್ಥಳ ಸಿಕ್ಕೀತೇ?

ಈ ಸರಣಿಯ ಎರಡನೆಯ ಆಟ 2012ರಲ್ಲಿ ಬಂತು. ಆಗ ಅದರ ನಕ್ಷೆಯಲ್ಲಿ ಭಾರತ ಇರಲಿಲ್ಲ. 2014ರ ಮಾರ್ಚ್ 25ರಂದು ‘ರಾಜಾಸ್ ಆಫ್ ಇಂಡಿಯಾ’ ಎಂಬ ವಿಸ್ತರಣೆ ಬಿಡುಗಡೆಯಾದಾಗ ಭಾರತ ಸೇರಿತು. ಜೊತೆಗೆ ‘ಕನ್ನಡ’ ಎಂಬ ಸಂಸ್ಕೃತಿಯೂ ‘ಕರ್ನಾಟ’ ಎಂಬ ರಾಜ್ಯವೂ ಸೇರಿದವು. ಮೂರನೆಯ ಆಟ 2020ರ ಸೆಪ್ಟೆಂಬರ್ 1ರಂದು ಬಂದು ಮೊದಲ ತಿಂಗಳಲ್ಲೇ ಹತ್ತು ಲಕ್ಷ ಪ್ರತಿ ಮಾರಾಟವಾಯಿತು. ಅದರಲ್ಲಿ 867ನೆಯ ಇಸವಿಯಿಂದ ಹೊರಡುವವರಿಗೆ ಮಾನ್ಯಖೇಟದ ರಾಷ್ಟ್ರಕೂಟರು ಸಿಗುತ್ತಾರೆ. ಆಗ ಅಲ್ಲಿ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಬೆಂಗಳೂರಿನ ರಸ್ತೆಯೊಂದಕ್ಕೆ ಹೆಸರು ಕೊಟ್ಟ ಅದೇ ದೊರೆ. ಇದೆಲ್ಲ ಹೆಮ್ಮೆಯ ಮಾತೇ. ಆದರೆ ಈ ಕರ್ನಾಟಕವನ್ನು ಬರೆದವರು ಯಾರು, ಬರೆದದ್ದನ್ನು ತಿದ್ದುವವರು ಯಾರು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಬರೆದವರು ಸ್ಟಾಕ್‌ಹೋಮಿನ ಕೆಲವೇ ಉದ್ಯೋಗಿಗಳು. ತಿದ್ದುವವರು ಲೋಕದ ಮೂಲೆಮೂಲೆಯಲ್ಲಿ ಕೂತ ಹವ್ಯಾಸಿಗಳು. ಇವರು ಮಾಡುವ ತಿದ್ದುಪಡಿಯ ಕಟ್ಟಿಗೆ ಆಟಗಾರರ ಲೋಕದಲ್ಲಿ ‘ಮಾಡ್’ ಎಂದು ಹೆಸರು. ಮೂಲ ಆಟದ ಕಡತಗಳ ಮೇಲೆ ತಮ್ಮ ಕಡತಗಳನ್ನು ಕೂರಿಸಿ ಹೊಸ ನಕ್ಷೆ, ಹೊಸ ರಾಜವಂಶ, ಹೊಸ ಕಾನೂನು ತರುತ್ತಾರೆ. ಅದನ್ನು ಮಾರುವಂತಿಲ್ಲ, ಪುಕ್ಕಟೆಯಾಗಿಯೇ ಹಂಚಬೇಕು. ಈ ಆಟಗಳ ಅತ್ಯಂತ ಹೆಸರಾದ ಮಾಡ್‌ಗಳಲ್ಲಿ ಒಂದು ಇಡೀ ಯುರೋಪನ್ನೇ ತೆಗೆದುಹಾಕಿ ‘ಗೇಮ್ ಆಫ್ ಥ್ರೋನ್ಸ್’ ಕಥಾಲೋಕವನ್ನು ತಂದಿಟ್ಟಿತು. ‘ರಾಜಾಸ್ ಆಫ್ ಏಷ್ಯಾ’ ಎಂಬ ಇನ್ನೊಂದು ಮಾಡ್, ಸಂಸ್ಥೆಯು ಚೀನಾ, ಜಪಾನುಗಳನ್ನು ನಕ್ಷೆಗೆ ತರುವ ಮೊದಲೇ ಅವನ್ನು ತಂದಿತ್ತು. ಸಂಸ್ಥೆ ಆ ಕೆಲಸ ಮಾಡಿದ್ದು 2025ರ ಅಕ್ಟೋಬರಿನಲ್ಲಿ, ‘ಆಲ್ ಅಂಡರ್ ಹೆವನ್’ ವಿಸ್ತರಣೆಯಲ್ಲಿ.

ಅಭಿಮಾನಿಗಳ ಕೆಲಸವನ್ನು ಹುಡುಗಾಟ ಎಂದು ತಳ್ಳಿಹಾಕುವವರು ಇನ್ನೊಂದು ಆಟದ ಕಥೆ ಕೇಳಬೇಕು. 1999ರ ‘ಏಜ್ ಆಫ್ ಎಂಪೈರ್ಸ್ 2’ ಆಟವನ್ನು ನಮ್ಮ ಸೈಬರ್ ಕೆಫೆಗಳಲ್ಲಿ ಆಡದ ತಲೆಮಾರು ಇಲ್ಲ. ಅದರ ಅಭಿಮಾನಿಗಳ ತಂಡವೊಂದು 2012ರಲ್ಲಿ ‘ಫರ್ಗಾಟನ್ ಎಂಪೈರ್ಸ್’ ಎಂಬ ಮಾಡ್ ತಯಾರಿಸಿತು. ಮರುವರ್ಷವೇ ಅದು ಅಧಿಕೃತ ವಿಸ್ತರಣೆಯಾಯಿತು, ಆ ಆಟದಲ್ಲಿ ಭಾರತೀಯರಿಗೆ ಮೊದಲ ಜಾಗ ಸಿಕ್ಕಿದ್ದೂ ಅದರಿಂದಲೇ. 2022ರಲ್ಲಿ ಆ ಒಂದೇ ‘ಭಾರತೀಯರು’ ಗುಂಪು ಒಡೆದು ದ್ರಾವಿಡರು, ಬಂಗಾಳಿಗಳು, ಗುರ್ಜರರು, ಹಿಂದುಸ್ತಾನಿಗಳು ಎಂದಾಯಿತು. ದ್ರಾವಿಡರ ಕಥೆ ಎಂದು ಆಡಲು ಕೊಟ್ಟದ್ದು ರಾಜೇಂದ್ರ ಚೋಳನ ದಂಡಯಾತ್ರೆ. ಚಾಲುಕ್ಯರು ಆ ಕಥೆಯಲ್ಲಿ ಎದುರಾಳಿಗಳು. ಇದರಲ್ಲಿ ಯಾರ ಕುತಂತ್ರವೂ ಇಲ್ಲ. ಚೋಳರ ಬಗ್ಗೆ ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುವ ಬರಹ ಹೆಚ್ಚು, ಚಾಲುಕ್ಯರ ಬಗ್ಗೆ ಕಡಿಮೆ. ಆಟ ಕಟ್ಟುವವರು ಕೈಗೆ ಸಿಕ್ಕಿದ್ದನ್ನು ಬಳಸುತ್ತಾರೆ. ಕೈಗೆ ಸಿಗುವಂತೆ ಇಡಬೇಕಾದವರು ನಾವು.

ಈಗ ‘ಅಪ್‌ಡೇಟ್’ ಎಂಬ ತಲೆನೋವಿಗೆ ಬರೋಣ. ಇಡೀ ವಿಷಯದ ತಿರುಳು ಇರುವುದು ಇಲ್ಲಿ.

ಮಾಡ್‌ನ ಬೆನ್ನಿಗೆ ಒಂದು ಪುಟ್ಟ ಚೀಟಿಯ ಕಡತ ಇರುತ್ತದೆ. ಈ ಮಾಡ್ ಆಟದ ಇಂಥ ಆವೃತ್ತಿಗೆ ಹೊಂದುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಆ ಸಂಖ್ಯೆ ಬದಲಿಸಿದರೆ ಅಪ್‌ಡೇಟ್ ಆಯಿತು ಎಂದು ಹೊಸಬರು ತಿಳಿಯುತ್ತಾರೆ. ನಿಜವಾದ ಕೆಲಸ ಆಮೇಲೆ ಶುರು. ಮೂಲ ಆಟದ ಕಡತಕ್ಕೂ ಮಾಡ್‌ನ ಕಡತಕ್ಕೂ ಒಂದೇ ಹೆಸರಿದ್ದರೆ ಆಟ ಮೂಲವನ್ನು ಪೂರ್ತಿ ಬಿಟ್ಟು ಮಾಡ್‌ನದನ್ನು ಓದುತ್ತದೆ. ಹಾಗಾಗಿ ಸಂಸ್ಥೆ ಹೊಸದಾಗಿ ಏನು ಸೇರಿಸಿದರೂ ಹಳೆಯ ಮಾಡ್ ಅದನ್ನು ಸದ್ದಿಲ್ಲದೆ ಮುಚ್ಚಿಹಾಕುತ್ತದೆ. 2024ರ ಸೆಪ್ಟೆಂಬರಿನಲ್ಲಿ ಬಂದ ‘ರೋಡ್ಸ್ ಟು ಪವರ್’ ವಿಸ್ತರಣೆ 1178ನೆಯ ಇಸವಿಯಿಂದಲೂ ಆಟ ಶುರುಮಾಡುವ ಅವಕಾಶ ಕೊಟ್ಟಿತು. ಅಷ್ಟು ಹೊತ್ತಿಗೆ ದೋರಸಮುದ್ರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದು ಐದು ವರ್ಷವಾಗಿದೆ, ಕಲ್ಯಾಣದಲ್ಲಿ ಕಳಚುರಿ ಸಂಕಮ ಇದ್ದಾನೆ. ಪಟ್ಟದ ಚರಿತ್ರೆ ಬರೆದಿಡುವ ಕಡತದಲ್ಲಿ ಈ ಸಾಲುಗಳಿಲ್ಲದ ಹಳೆಯ ಮಾಡ್ ಹಾಕಿಕೊಂಡು 1178ಕ್ಕೆ ಹೋದರೆ, ಒಡೆಯನಿಲ್ಲದ ಸೀಮೆಗೆ ಆಟ ತಾನೇ ಒಬ್ಬನನ್ನು ಹುಟ್ಟಿಸಿ ಕೂರಿಸುತ್ತದೆ. ವೀರಬಲ್ಲಾಳನ ಜಾಗದಲ್ಲಿ ಊರು ಹೆಸರು ಇಲ್ಲದ ಯಾರೋ ಒಬ್ಬ. ಆಟ ನಿಲ್ಲುವುದಿಲ್ಲ, ಎಚ್ಚರಿಕೆಯ ಗಂಟೆಯೂ ಬಾರಿಸುವುದಿಲ್ಲ. ತಪ್ಪುಗಳ ಪಟ್ಟಿ ಬರೆದುಕೊಳ್ಳುವ ‘ಎರರ್ ಲಾಗ್’ ತೆರೆದು ಒಂದೊಂದೇ ಸಾಲು ಓದುವ ತಾಳ್ಮೆ ಇದ್ದವರಿಗೆ ಮಾತ್ರ ಸುಳಿವು ಸಿಗುತ್ತದೆ.

ಆದ್ದರಿಂದ ಮಾಡ್ ನೋಡಿಕೊಳ್ಳುವವರು ಪ್ರತಿ ಬಾರಿಯೂ ಮೂರು ಪ್ರತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ: ಹಳೆಯ ಮೂಲ, ಹೊಸ ಮೂಲ, ತಮ್ಮ ಮಾಡ್. ಸಂಸ್ಥೆ ಬದಲಿಸಿದ್ದು ಯಾವುದು, ತಾವು ಬದಲಿಸಿದ್ದು ಯಾವುದು ಎಂದು ಸಾಲುಸಾಲಾಗಿ ಬೇರ್ಪಡಿಸಿ ಮತ್ತೆ ಹೊಲಿಯುತ್ತಾರೆ. ನಕ್ಷೆಯ ಕಷ್ಟ ಬೇರೆ. ಆಟದ ನಕ್ಷೆ ಒಳಗಿನಿಂದ ಒಂದು ಬಣ್ಣದ ಚಿತ್ರ. ಪ್ರತಿ ಊರಿಗೂ ಬೇರೆ ಬಣ್ಣ, ಪ್ರತಿ ಬಣ್ಣಕ್ಕೂ ಒಂದು ಸಂಖ್ಯೆ. ಚಿತ್ರ ಹಿಗ್ಗಿದರೆ, ಸಂಖ್ಯೆ ಕದಲಿದರೆ ಬನವಾಸಿಯ ಹೆಸರು ಇನ್ನೆಲ್ಲೋ ಹೋಗಿ ಕೂರಬಹುದು. ತಪ್ಪು ಹಿಡಿಯಲು ‘ಸಿಕೆ3-ಟೈಗರ್’ ಎಂಬ ಸಲಕರಣೆಯನ್ನೂ ಅಭಿಮಾನಿಗಳೇ ಬರೆದಿದ್ದಾರೆ. ಅದು ಕಾಗುಣಿತದ ತಪ್ಪು, ಇಲ್ಲದ ಪಾತ್ರ, ತುಂಡಾದ ಕೊಂಡಿಗಳನ್ನು ಹೇಳುತ್ತದೆ. ಹೊಯ್ಸಳರ ವಂಶಾವಳಿ ತಪ್ಪಿದೆಯೇ ಎಂದು ಹೇಳಲಾರದು. ಅದಕ್ಕೆ ಚರಿತ್ರೆ ಓದಿದ ಮನುಷ್ಯರೇ ಬೇಕು, ಕನ್ನಡದ ಶಾಸನ ಓದಬಲ್ಲವರು ಬೇಕು.

ಬೆಂಗಳೂರಿನ ಪಶ್ಚಿಮಕ್ಕೆ ಮೈಸೂರು ರಸ್ತೆಯ ಮಗ್ಗುಲಲ್ಲಿರುವ ಬಾಪೂಜಿ ನಗರದಲ್ಲಿ ನಿಂತು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಗ್ಯಾರೇಜು, ಅಂಗಡಿ, ಒತ್ತೊತ್ತಾದ ಮನೆಗಳ ಈ ಬಡಾವಣೆಯಿಂದ ಉತ್ತರಕ್ಕೆ ಹೋದರೆ ಹಂಪಿನಗರ, ವಿಜಯನಗರ, ಮುಂದೆ ಬಸವೇಶ್ವರನಗರ. ಮಧ್ಯಯುಗದ ಕರ್ನಾಟಕವನ್ನು ಬಸ್ಸಿನ ಬೋರ್ಡುಗಳ ಮೇಲೆ ದಿನವೂ ಓದುವ ಜನ ಇಲ್ಲಿಯವರು. ಹತ್ತಿರದ ದೀಪಾಂಜಲಿ ನಗರ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ ಕೆಂಗೇರಿ ಕಡೆಗೆ ಹೋದರೆ ಜ್ಞಾನಭಾರತಿ. ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರವೂ ಇತಿಹಾಸ ವಿಭಾಗವೂ ಅಲ್ಲಿವೆ. ಮೈಸೂರು ರಸ್ತೆಯ ಉದ್ದಕ್ಕೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಅದೇ ಮಾರ್ಗದಲ್ಲಿ ಇನ್ನೊಂದು ದಿಕ್ಕಿಗೆ ಹೋಗಿ ಕಬ್ಬನ್ ಪಾರ್ಕಿನ ಆಸುಪಾಸಿನಲ್ಲಿ ಇಳಿದರೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ. ಕೋಡ್ ಬರೆಯುವ ಕೈ, ಶಾಸನ ಓದುವ ಕಣ್ಣು, ಎರಡೂ ಒಂದೇ ರೈಲಿನ ಹಾದಿಯಲ್ಲಿವೆ. ಅವು ಒಂದೇ ಮೇಜಿಗೆ ಬಂದು ಕೂತಿಲ್ಲ ಎಂಬುದೇ ಕೊರಗು.

ಕೂತರೆ ಏನಾಗಬಹುದು? ಒಂದೇ ಒಂದು ಕಲ್ಲನ್ನು ನೋಡೋಣ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸೊತ್ತು. ಅದರ ಮೇಲೆ ಹಂದಿಯೊಡನೆ ಕಾದಾಡುತ್ತಿರುವ ನಾಯಿಯ ಕೆತ್ತನೆ ಇದೆ. ಅದರ ಶಾಸನ ಹೇಳುವ ಕಥೆ ಇದು: ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಸೀಮೆಗಳನ್ನು ಕೊಟ್ಟ. ಅದೇ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಬೂತುಗ ‘ಬೇಕಾದ್ದು ಕೇಳು’ ಎಂದಾಗ ಅವನು ಕೇಳಿದ್ದು ದೊರೆಯ ಬೇಟೆನಾಯಿ ಕಾಳಿಯನ್ನು. ಆ ನಾಯಿ ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಮಣಲೆರ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಅದರ ಪೂಜೆಗೆ ಭೂಮಿ ಬಿಟ್ಟ.

ಮಾಡ್ ಬರೆಯುವವರ ಕಣ್ಣಿಂದ ಈ ಕಲ್ಲನ್ನು ಓದಿದರೆ ಅದು ಹೆಚ್ಚುಕಡಿಮೆ ಸಿದ್ಧ ಕಡತ. ಚಕ್ರವರ್ತಿ ಯಾರು, ಅವನ ಕೆಳಗಿನ ಮಂಡಲಿಕ ಯಾರು, ಮಂಡಲಿಕನ ಆಳು ಯಾರು ಎಂಬ ಶ್ರೇಣಿ ಇದೆ. ಯಾವ ಸೀಮೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಿದೆ. ಕಾರಣವಿದೆ. ಮನುಷ್ಯನ ಗುಣವೂ ಇದೆ: ಕಾಳಗ ಗೆದ್ದವನಿಗೆ ನಾಯಿಯ ಮೇಲೆ ಆಸೆ. ಆಟದಲ್ಲಿ ಪ್ರತಿ ಪಾತ್ರಕ್ಕೂ ಸ್ವಭಾವ ಬರೆಯಬೇಕಾಗುತ್ತದೆ. ಹೆಚ್ಚಿನ ಭಾರತೀಯ ಪಾತ್ರಗಳಿಗೆ ಸ್ವಭಾವ ಊಹೆಯ ಮೇಲೆ ಬರುತ್ತದೆ. ಮಣಲೆರನಿಗೆ ಊಹೆ ಬೇಕಿಲ್ಲ.

ಕಲ್ಲಿನಲ್ಲಿ ಸೀಮೆಗಳ ಹೆಸರಿನ ಜೊತೆಗಿರುವ ಆ ಸಂಖ್ಯೆಗಳೂ ಸುಮ್ಮನೆ ಬಂದವಲ್ಲ. ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000 ಎಂದು ನಮ್ಮ ಶಾಸನಗಳು ನಾಡುಗಳನ್ನು ಸಂಖ್ಯೆಯೊಂದಿಗೆ ಹೆಸರಿಸುತ್ತವೆ. ಅದು ಹಳ್ಳಿಗಳ ಲೆಕ್ಕವೋ ಆದಾಯದ ಲೆಕ್ಕವೋ ಎಂದು ವಿದ್ವಾಂಸರು ಇನ್ನೂ ಚರ್ಚೆ ಮಾಡುತ್ತಾರೆ. ಏನೇ ಇರಲಿ, ದೊಡ್ಡ ನಾಡಿನೊಳಗೆ ಚಿಕ್ಕ ನಾಡು, ಅದರೊಳಗೆ ಊರು ಎಂಬ ಕಟ್ಟು ಇದರಲ್ಲಿ ನಿಚ್ಚಳ. ಆಟದ ನಕ್ಷೆ ಕೂಡ ಚಿಕ್ಕ ಜಹಗೀರಿನಿಂದ ಸಾಮ್ರಾಜ್ಯದವರೆಗೆ ಐದು ಮೆಟ್ಟಿಲುಗಳಲ್ಲಿ ಜೋಡಿಸಿದ್ದು. ಚಾಲುಕ್ಯರ ಕಾಲದ ಶಾಸನಗಳಂತೂ ಮೊದಲು ಚಕ್ರವರ್ತಿಯನ್ನು ಹೊಗಳಿ, ಬಳಿಕ ‘ತತ್ಪಾದಪದ್ಮೋಪಜೀವಿ’ ಎಂದು ಅವನ ಸಾಮಂತನನ್ನು ಹೇಳಿಯೇ ಮುಂದಕ್ಕೆ ಹೋಗುತ್ತವೆ. ಯಾರು ಯಾರಿಗೆ ಅಧೀನ ಎಂಬುದನ್ನು ಇಷ್ಟು ಶಿಸ್ತಾಗಿ, ಇಷ್ಟು ಊರುಗಳಲ್ಲಿ, ಕಲ್ಲಿನ ಮೇಲೆ ಬರೆದಿಟ್ಟ ನಾಡು ಲೋಕದಲ್ಲೇ ವಿರಳ. ಯುರೋಪಿನ ಸೀಮೆಗಳಿಗೆ ಸಿಕ್ಕಷ್ಟು ಸೂಕ್ಷ್ಮ ವಿವರ ಕರ್ನಾಟಕದ ನಕ್ಷೆಗೂ ಸಿಗಬಲ್ಲದು. ಸಾಮಗ್ರಿ ನಮ್ಮಲ್ಲಿದೆ.

ಹಾಗೆಂದು ಕೆಲಸ ಸುಲಭವಲ್ಲ. ಆಟಕ್ಕೆ ಪ್ರತಿಯೊಬ್ಬರ ಹುಟ್ಟಿದ ದಿನ ಬೇಕೇ ಬೇಕು. ವಿಕ್ರಮಾದಿತ್ಯ ಹುಟ್ಟಿದ ದಿನವನ್ನು ಯಾವ ಶಾಸನವೂ ಹೇಳುವುದಿಲ್ಲ. ಆಗ ಮಾಡ್ ಬರೆಯುವವರು ಒಂದು ವರ್ಷ ಊಹಿಸಿ ಜನವರಿ 1 ಎಂದು ಹಾಕುತ್ತಾರೆ. ಮಧ್ಯಯುಗದ ಅರ್ಧ ಭಾರತವೇ ಜನವರಿ 1ರಂದು ಹುಟ್ಟಿದೆ ಎಂಬಂತೆ ಕಾಣುತ್ತದೆ. ಕಾಲಗಣನೆಯ ಸಿಕ್ಕು ಬೇರೆ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಆತಕೂರಿನ ಕಲ್ಲು ಶಕ 872, ಸೌಮ್ಯ ಸಂವತ್ಸರ ಎನ್ನುತ್ತದೆ. ಕೂಡಿಸಿದರೆ 950. ಆದರೆ ಅರವತ್ತು ಸಂವತ್ಸರಗಳ ಚಕ್ರದಲ್ಲಿ ಸೌಮ್ಯ ಬೀಳುವುದು 949-50ಕ್ಕೆ. ಶಾಸನಕಾರರು ಕೆಲವೊಮ್ಮೆ ಮುಗಿದ ವರ್ಷವನ್ನು, ಕೆಲವೊಮ್ಮೆ ನಡೆಯುತ್ತಿರುವ ವರ್ಷವನ್ನು ಎಣಿಸಿದ್ದರಿಂದ ಬರುವ ವ್ಯತ್ಯಾಸ ಇದು. ವಿಕ್ರಮಾದಿತ್ಯನ ಕಾಲದ ಶಾಸನಗಳಲ್ಲಿ ಶಕ ವರ್ಷದ ಬದಲು 1076ರಿಂದ ಎಣಿಸುವ ಚಾಲುಕ್ಯ ವಿಕ್ರಮ ವರ್ಷ ಬರುತ್ತದೆ. ಪಂಚಾಂಗ ಬಲ್ಲ ಒಬ್ಬ ಅಜ್ಜ, ಕಡತ ಬಲ್ಲ ಒಬ್ಬ ಮೊಮ್ಮಗ ಜೊತೆಗೆ ಕೂತು ಬಿಡಿಸಬೇಕಾದ ಲೆಕ್ಕ.

ಆಟದ ಕಾನೂನಿನ ವಿಚಾರಕ್ಕೂ ಕೈ ಹಾಕಬೇಕು. ಈ ಆಟದಲ್ಲಿ ಆಟಗಾರರನ್ನು ಹೆಚ್ಚು ಕಾಡುವುದು ದೊರೆ ಸತ್ತಾಗ ರಾಜ್ಯ ಮಕ್ಕಳ ನಡುವೆ ಪಾಲಾಗುವುದು. ಆ ಪಾಲಿನ ನಿಯಮಗಳನ್ನು ಯುರೋಪಿನ ಚರಿತ್ರೆ ನೋಡಿ ಹೆಣೆದದ್ದು. ಭಾರತದ ಬಹುಭಾಗದ ನ್ಯಾಯಾಲಯಗಳಲ್ಲಿ ಇವತ್ತಿಗೂ ಹೆಸರು ಕೇಳಿಬರುವ ಮಿತಾಕ್ಷರವನ್ನು ವಿಜ್ಞಾನೇಶ್ವರ ಬರೆದದ್ದು ಅದೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ. ಹುಟ್ಟಿದ ಕ್ಷಣದಿಂದಲೇ ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಎಂಬ ತತ್ವ ಅದರದ್ದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಅದೇ ಹಕ್ಕು ಸಿಕ್ಕಿತು. ಮಿತಾಕ್ಷರ ಹೇಳುವುದು ಮನೆತನದ ಆಸ್ತಿಯ ಮಾತು. ಸಿಂಹಾಸನಕ್ಕೆ ಅದನ್ನು ಹಾಗೇ ಹಚ್ಚುವಂತಿಲ್ಲ, ನಿಜ. ಆದರೂ ಆಸ್ತಿಪಾಲಿನ ಅಷ್ಟು ದೊಡ್ಡ ಗ್ರಂಥ ಹುಟ್ಟಿದ ರಾಜಧಾನಿಯಲ್ಲಿ ಆಟಗಾರ ನಡೆಸುವ ಪಾಲುಪಟ್ಟಿಗೆ ಅದರ ನೆರಳೂ ಇಲ್ಲದಿರುವುದು ದೊಡ್ಡ ಕೊರತೆ. ಒಳ್ಳೆಯ ಮಾಡ್ ತುಂಬಬಹುದಾದ ಜಾಗ ಇದೇ. ರಾಜ್ಯ ಪಾಲಾದದ್ದಕ್ಕೆ ನಮ್ಮದೇ ಉದಾಹರಣೆಯೂ ಇದೆ. ಹೊಯ್ಸಳ ಸೋಮೇಶ್ವರ 1254ರ ಸುಮಾರಿಗೆ ದೋರಸಮುದ್ರದ ಭಾಗವನ್ನು ಮೂರನೆಯ ನರಸಿಂಹನಿಗೂ ತಮಿಳು ಸೀಮೆಯ ಕಣ್ಣನೂರಿನ ಭಾಗವನ್ನು ರಾಮನಾಥನಿಗೂ ಕೊಟ್ಟ. ಅಣ್ಣತಮ್ಮಂದಿರು ಕಾದಾಡಿದರು. ಎರಡು ಭಾಗ ಮತ್ತೆ ಒಂದಾದದ್ದು ಮೂರನೆಯ ಬಲ್ಲಾಳನ ಕಾಲಕ್ಕೆ.

ಹೆಣ್ಣಿನ ವಿಷಯದಲ್ಲೂ ನಮ್ಮ ಶಾಸನಗಳಿಂದ ಆಟ ಕಲಿಯಬೇಕಾದ್ದಿದೆ. ಚಾಲುಕ್ಯ ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿ ಕಿಸುಕಾಡು ನಾಡನ್ನು ಆಳಿದಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಲಕ್ಕುಂಡಿಯ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಕೃತಿ ಬರೆದರೆ ಮುಗಿಯಿತು ಎಂದು ಸುಮ್ಮನಾಗದೆ, ಅದು ಉಳಿಯಲು ಪ್ರತಿ ಮಾಡಿಸಬೇಕು ಎಂದು ಅರಿತ ಈ ತಾಯಿ, ಮಾಡ್ ನೋಡಿಕೊಳ್ಳುವವರೆಲ್ಲ ನೆನೆಯಬೇಕಾದವಳು.

ಇಲ್ಲಿ ಒಂದು ಆತಂಕವನ್ನು ಮುಚ್ಚಿಡಬಾರದು. ಚರಿತ್ರೆಯ ಆಟ ಕೈಗೆ ಬಂದರೆ ಅದನ್ನು ಜಗಳಕ್ಕೆ ಬಳಸುವವರು ಇದ್ದೇ ಇರುತ್ತಾರೆ. ರಾಷ್ಟ್ರಕೂಟರು ಯಾರವರು, ದೇವಗಿರಿಯ ಸೇವುಣರು ಮರಾಠಿಗರೋ ಕನ್ನಡಿಗರೋ, ತಕ್ಕೋಲದ ಸೇಡು ತೀರಿತೋ ಇಲ್ಲವೋ ಎಂದು ಸಾವಿರ ವರ್ಷದ ಹಿಂದಿನ ಗಡಿಗಳ ಮೇಲೆ ಇಂದಿನ ರಾಜಕೀಯವನ್ನು ಹೊದಿಸುವ ಚಾಳಿ ನಮ್ಮಲ್ಲಿ ಬೇಕಾದಷ್ಟಿದೆ. ನಕ್ಷೆಯಲ್ಲಿ ಕರ್ನಾಟಕದ ಬಣ್ಣವನ್ನು ಒಂದಿಷ್ಟು ಹಿಗ್ಗಿಸಿ ಚಪ್ಪಾಳೆ ಗಿಟ್ಟಿಸುವ ಮಾಡ್ ಬರೆಯುವುದು ಬಹಳ ಸುಲಭ. ಅದರಿಂದ ಕನ್ನಡಕ್ಕೆ ಕವಡೆ ಕಾಸಿನ ಲಾಭವಿಲ್ಲ. ಇದಕ್ಕೆ ಮದ್ದು ಆಟದ ಕಡತದ ಒಳಗೇ ಇದೆ. ಕಡತದ ಯಾವ ಸಾಲಿನ ಮುಂದೆ ‘#’ ಚಿಹ್ನೆ ಹಾಕಿದರೂ ಆಟ ಅದನ್ನು ಓದುವುದಿಲ್ಲ, ಮನುಷ್ಯರು ಓದುತ್ತಾರೆ. ಪ್ರತಿ ಪಾತ್ರ, ಪ್ರತಿ ಪಟ್ಟದ ಸಾಲಿನ ಪಕ್ಕದಲ್ಲಿ ಆಧಾರವಾದ ಶಾಸನದ ಸಂಪುಟ, ತಾಲ್ಲೂಕು, ಸಂಖ್ಯೆ ಬರೆಯಬೇಕು. ಊಹೆಯಾದರೆ ಊಹೆ ಎಂದೇ ಬರೆಯಬೇಕು. ಆಧಾರ ಬರೆದಿದ್ದರೆ ವಾದಿಸುವವರು ಕಲ್ಲಿನ ಹತ್ತಿರ ಹೋಗಬೇಕಾಗುತ್ತದೆ. ಮುಂದೆ ಬರುವ ಅಪ್‌ಡೇಟ್‌ಗೆ ಕೂರುವವರಿಗೂ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬಹುದು ಎಂಬುದು ತಿಳಿಯುತ್ತದೆ.

‘ಮಕ್ಕಳು ಆಟದಲ್ಲಿ ಕಾಲ ಕಳೆಯುವುದಕ್ಕೆ ಇಷ್ಟೊಂದು ಉಪಚಾರವೇ’ ಎಂದು ಕೇಳುವ ತಂದೆತಾಯಿಯರ ಅಳಲೂ ನ್ಯಾಯವಾದದ್ದೇ. ದಿನಕ್ಕೆ ಐದಾರು ಗಂಟೆ ಪರದೆಯ ಮುಂದೆ ಕೂರುವುದನ್ನು ಯಾರೂ ಹೊಗಳಬಾರದು. ಆದರೆ ಮಾಡ್ ತಿದ್ದುವವರು ಮಾಡುವ ಕೆಲಸ ಆಟಕ್ಕಿಂತ ಗ್ರಂಥಸಂಪಾದನೆಗೆ ಹತ್ತಿರ. ಪಾಠಾಂತರ ಹೋಲಿಸುತ್ತಾರೆ, ಆಧಾರ ಹುಡುಕುತ್ತಾರೆ, ತಪ್ಪು ಎಲ್ಲಿಂದ ಬಂತೆಂದು ಜಾಡು ಹಿಡಿಯುತ್ತಾರೆ. ಹಳಗನ್ನಡದ ತರಗತಿಗೆ ಬರುವವರು ಕಡಿಮೆಯಾಗಿರುವ ಕಾಲದಲ್ಲಿ, ಬೂತುಗ ಯಾರು ಎಂದು ತಾನಾಗಿ ಹುಡುಕಿಕೊಂಡು ಬರುವ ಹುಡುಗನನ್ನು ಬಾಗಿಲಲ್ಲೇ ತಡೆಯಬಾರದು.

ಹುಡುಕಿಕೊಂಡು ಬಂದವನಿಗೆ ಏನು ಸಿಗುತ್ತದೆ ಎಂಬುದು ಮುಂದಿನ ಮಾತು. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ 1886ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದು ಸಾವಿರಾರು ಶಾಸನಗಳನ್ನು ಉಳಿಸಿಕೊಟ್ಟರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಅವನ್ನು ಪರಿಷ್ಕರಿಸಿತು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿತು. ಬೆಂಗಳೂರಿನಲ್ಲಿ ಕೆಲವು ನಾಗರಿಕರೇ ಸೇರಿ ಊರಿನ ಕಲ್ಲುಗಳನ್ನು ಹುಡುಕತೊಡಗಿದಾಗ 2018ರಲ್ಲಿ ಹೆಬ್ಬಾಳದಲ್ಲಿ ಕಿಟ್ಟಯ್ಯನ ವೀರಗಲ್ಲು ಸಿಕ್ಕಿತು. ಗಂಗ ಶ್ರೀಪುರುಷನ ಕಾಲದ, ಸುಮಾರು 750ನೆಯ ಇಸವಿಯ ಕಲ್ಲು. ಬೇಗೂರಿನ ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ಸುಮಾರು 890ರಲ್ಲಿ ಕಾಣಿಸುವುದಕ್ಕೂ ಮೊದಲಿನದು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಈಗ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಅಕ್ಷರಗಳನ್ನು ಉಳಿಸುತ್ತಿದೆ. ಇವೆಲ್ಲ ದೊಡ್ಡ ಕೆಲಸಗಳು. ಕೊರತೆ ಇರುವುದು ಒಂದೇ ಕಡೆ: ಪುಸ್ತಕದ ಪುಟದಲ್ಲಿರುವ ಮಾಹಿತಿ ಕೋಷ್ಟಕವಾಗಿ, ಕಂಪ್ಯೂಟರ್ ಓದುವಂತೆ, ಯಾರು ಬೇಕಾದರೂ ಬಳಸಬಹುದಾದ ಅನುಮತಿಯೊಂದಿಗೆ ಸಿಗಬೇಕು. ದೊರೆ, ಸಾಮಂತ, ಸೀಮೆ, ಊರು, ತೇದಿ, ಶಾಸನ ಸಂಖ್ಯೆ, ನಕ್ಷೆಯಲ್ಲಿ ಊರಿನ ಜಾಗ, ಇಷ್ಟು ಕಂಬಸಾಲುಗಳ ಒಂದು ಪಟ್ಟಿ. ಅದು ಆಟಕ್ಕಷ್ಟೇ ಅಲ್ಲ, ಶಾಲೆಯ ಭೂಪಟಕ್ಕೂ ಪ್ರವಾಸೋದ್ಯಮದ ಫಲಕಕ್ಕೂ ಸಂಶೋಧನೆಗೂ ಬರುತ್ತದೆ.

ಹಣದ ಪ್ರಶ್ನೆ ಬಂದರೆ, ಅನಿಮೇಶನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ಮಾಡಿದ ದೇಶದ ಮೊದಲ ರಾಜ್ಯ ಕರ್ನಾಟಕ. ಈಗ ನಡೆಯುತ್ತಿರುವುದು 2024-29ರ ನೀತಿ. ಸ್ಟುಡಿಯೋಗಳಿಗೂ ತರಬೇತಿಗೂ ಕೊಡುವ ಹಣದಲ್ಲಿ ಸಣ್ಣದೊಂದು ಪಾಲನ್ನು ಈ ಪಟ್ಟಿಗೆ, ಮುಖ್ಯವಾಗಿ ಅದನ್ನು ವರ್ಷವರ್ಷವೂ ನೋಡಿಕೊಳ್ಳುವವರಿಗೆ ಎತ್ತಿಡಬೇಕು. ಹೊಸದಕ್ಕೆ ಉದ್ಘಾಟನೆ, ಹಳೆಯದಕ್ಕೆ ಅನಾಥಸ್ಥಿತಿ ಎಂಬುದು ನಮ್ಮ ಸಾರ್ವಜನಿಕ ಕೆಲಸಗಳ ಹಳೆಯ ರೋಗ. ನಮ್ಮ ಹಿರಿಯರು ಹಾಗಿರಲಿಲ್ಲ. ಕೆರೆ ಕಟ್ಟಿಸಿದವರು ಅದರ ಹೂಳೆತ್ತಲು, ಏರಿ ಭದ್ರಪಡಿಸಲು ‘ಬಿತ್ತುವಟ್ಟ’ ಎಂದು ಭೂಮಿ ಬಿಟ್ಟದ್ದನ್ನು ಎಷ್ಟೋ ಶಾಸನಗಳು ಹೇಳುತ್ತವೆ. ಕಟ್ಟುವ ದಿನವೇ ಕಾಪಾಡುವವರ ಅನ್ನಕ್ಕೂ ದಾರಿ ಮಾಡಿದ್ದರು. ಹೂಳೆತ್ತದ ಕೆರೆಯಂತೆ ಅಪ್‌ಡೇಟ್ ಕಾಣದ ಮಾಡ್ ಕೂಡ ಎರಡು ಮೂರು ಆವೃತ್ತಿಗಳಲ್ಲೇ ತುಂಬಿಹೋಗುತ್ತದೆ. ಬರೆದ ಹುಡುಗ ಕೆಲಸ ಸಿಕ್ಕಿ ಊರು ಬಿಡುತ್ತಾನೆ, ಅವನ ಜೊತೆಗೆ ಕಡತದ ಜ್ಞಾನವೂ ಹೋಗುತ್ತದೆ.

ಭಾಷೆಯ ಅಡ್ಡಿಯೂ ಇದೆ. ಕ್ರುಸೇಡರ್ ಕಿಂಗ್ಸ್ ಆಟದ ಅಧಿಕೃತ ಭಾಷೆಗಳಲ್ಲಿ ಭಾರತದ ಒಂದೂ ಭಾಷೆಯಿಲ್ಲ. ಆಟದೊಳಗೆ ‘ಕನ್ನಡ’ ಸಂಸ್ಕೃತಿ ಇದೆ, ಕನ್ನಡ ಅಕ್ಷರ ಇಲ್ಲ. ಇದು ಆಗದ ಕೆಲಸವೇನಲ್ಲ. ಮೈನ್‌ಕ್ರಾಫ್ಟ್ ಆಟದ ಕಂಪ್ಯೂಟರ್ ಆವೃತ್ತಿಯಲ್ಲಿ ಭಾಷೆಗಳ ಪಟ್ಟಿ ತೆರೆದರೆ ಕನ್ನಡ ಸಿಗುತ್ತದೆ, ಅದನ್ನು ಅನುವಾದಿಸಿದವರು ಸ್ವಯಂಸೇವಕರು. ಅಲ್ಲಿಯೂ ಪ್ರತಿ ಆವೃತ್ತಿಗೆ ಹೊಸ ಪದಗಳು ಬರುತ್ತವೆ, ಅನುವಾದ ಹಿಂದೆ ಬೀಳುತ್ತದೆ, ಮತ್ತೆ ಯಾರೋ ಕೂತು ತುಂಬುತ್ತಾರೆ.

ಕೆಲಸ ಶುರುಮಾಡಲು ದೊಡ್ಡ ಸಮಿತಿ ಬೇಡ. ಮೈಸೂರು ರಸ್ತೆಯ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ನಾಲ್ವರು, ಜ್ಞಾನಭಾರತಿಯ ಕನ್ನಡ ಎಂ.ಎ. ತರಗತಿಯ ನಾಲ್ವರು ಸಾಕು. ಮೊದಲಿಗೆ 1178ರ ಕರ್ನಾಟಕವನ್ನೇ ಕೈಗೆತ್ತಿಕೊಳ್ಳಬಹುದು. ಅದು ಅತ್ಯಂತ ಕಲಕಿದ ಕಾಲ: ಐದಾರು ವರ್ಷಗಳಲ್ಲಿ ಕಳಚುರಿಗಳು ಕಲ್ಯಾಣ ಕಳೆದುಕೊಳ್ಳುತ್ತಾರೆ, ನಾಲ್ಕನೆಯ ಸೋಮೇಶ್ವರ ಚಾಲುಕ್ಯರ ಗದ್ದುಗೆಯನ್ನು ಕೊನೆಯ ಸಲ ಏರುತ್ತಾನೆ, ಬೆನ್ನಿಗೇ ಉತ್ತರದಿಂದ ಸೇವುಣ ಭಿಲ್ಲಮ, ದಕ್ಷಿಣದಿಂದ ವೀರಬಲ್ಲಾಳ ನುಗ್ಗಿ ಸೊರಟೂರಿನಲ್ಲಿ ಎದುರುಬದುರಾಗುತ್ತಾರೆ. ಈ ಹನ್ನೆರಡು ಹದಿಮೂರು ವರ್ಷಗಳ ಶಾಸನಗಳನ್ನು ಒಂದು ತಂಡ ಓದಿ ಪಟ್ಟಿ ಮಾಡಲಿ, ಇನ್ನೊಂದು ತಂಡ ಅದನ್ನು ಕಡತಕ್ಕೆ ಇಳಿಸಲಿ. ಆಟದ ಪ್ರತಿ ಹೊಸ ಆವೃತ್ತಿ ಬಂದಾಗ ಎರಡೂ ತಂಡ ಒಂದು ಶನಿವಾರ ಸೇರಿ ಹೊಲಿಗೆ ಬಿಟ್ಟಲ್ಲಿ ಸರಿಪಡಿಸಲಿ. ಕೀಲಿಕೈ ಒಬ್ಬನ ಬಳಿಯೇ ಇರದೆ ವಿಭಾಗದ ಹೆಸರಿನಲ್ಲಿ ಇರಲಿ, ಓದು ಮುಗಿಸಿ ಹೋಗುವವರು ಕಿರಿಯರಿಗೆ ಕಡತ ಒಪ್ಪಿಸಿ ಹೋಗುವ ಏರ್ಪಾಡು ಮೊದಲ ವರ್ಷವೇ ಆಗಲಿ.